ದವಡೆಗೆ ಕೂತ ಕೈ

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜಕ್ಕ ಅಂಚು ಸವೆಸುವ ಚಕ್ರದ ಮುಂದೆ ಕೂತಿದ್ದಾಗ ಅಮ್ಮನ ಫೋನು ಬಂತು. ಎರಡೂ ಕೈ ಒದ್ದೆ. ಹೆಬ್ಬೆರಳ ಗೆಣ್ಣಿನಿಂದ ಗುಂಡಿ ಒತ್ತಿ, ಫೋನನ್ನು ಮೇಜಿನ ಮೇಲೇ ಬಿಟ್ಟು, ಬಗ್ಗಿ ಮಾತಾಡಿದಳು.

“ಭಾನುವಾರ ಮೈದಾನಕ್ಕೆ ಬರ್ತೀಯೇನೇ?” ಅಂದರು ಅಮ್ಮ. “ಮೇಷ್ಟ್ರು ಕೇಳಿದ್ರು.”

ಮೇಷ್ಟ್ರು ಅಂದರೆ ಅಪ್ಪ. ಬಿಲ್ಲುವಿದ್ಯೆ ಕಲಿಸುತ್ತಿದ್ದ ಅವರನ್ನು ಊರೆಲ್ಲ ಹಾಗೇ ಕರೆದು ಕರೆದು ಮನೆಯೊಳಗೂ ಅದೇ ಹೆಸರು ನಿಂತುಬಿಟ್ಟಿತ್ತು. ಅಮ್ಮ ಮದುವೆಯಾದ ಮರುವರ್ಷದಿಂದಲೇ ಶುರು ಮಾಡಿದ್ದರಂತೆ. ಗಾಜಕ್ಕ ಒಂಬತ್ತನೇ ವಯಸ್ಸಿನಲ್ಲಿ ಮೊದಲ ಬಿಲ್ಲು ಹಿಡಿದ ದಿನ ‘ಅಪ್ಪ’ ಅನ್ನುವುದನ್ನು ಬಿಟ್ಟವಳು ಮತ್ತೆ ಆ ಪದಕ್ಕೆ ವಾಪಸಾಗಲೇ ಇಲ್ಲ.

“ಯಾಕಂತೆ?”

“ಕೈ ನೋಡ್ಬೇಕಂತೆ.”

“ಯಾರ ಕೈ?”

“ನಿಂದೇ ಕಣೆ. ನಿನ್ನ ಬಲಗೈ.”

ಗಾಜಕ್ಕ ಚಕ್ರ ನಿಲ್ಲಿಸಿದಳು. ಹದಿನೈದು ವರ್ಷದಿಂದ ಅಪ್ಪ-ಮಗಳ ನಡುವೆ ಊಟ ಆಯ್ತಾ, ಹುಷಾರಾ ಅನ್ನುವುದನ್ನು ಬಿಟ್ಟರೆ ಮಾತೇ ಇರಲಿಲ್ಲ. ಅವರು ಮೈದಾನಕ್ಕೆ ಹೋಗಿರುವ ಹೊತ್ತು ನೋಡಿಕೊಂಡು ಅವಳು ಅಮ್ಮನ ಹತ್ತಿರ ಹೋಗಿ ಬರುತ್ತಿದ್ದಳು. ಯಾರೂ ಹೀಗೆ ಮಾಡು ಅಂತ ಹೇಳಿರಲಿಲ್ಲ. ಮೂವರಿಗೂ ಅದೇ ಸರಿಹೋಗಿತ್ತು.

“ನಂಗೆ ಕೆಲಸ ಇದೆ,” ಅಂದಳು.

“ಒಂದ್ಸಲ ಬಂದು ಹೋಗೇ. ಅವರಾಗೇ ಕೇಳಿದಾರೆ. ಅವರು ಯಾರನ್ನಾದ್ರೂ ಏನಾದ್ರೂ ಕೇಳಿದ್ದು ನೋಡಿದೀಯಾ ನೀನು?”

ಅದೇನೋ ನಿಜ.

ತುದಿಗಳಲ್ಲಿ ರಾಟೆಯಿರುವ ಈಗಿನ ಕಾಂಪೌಂಡ್ ಬಿಲ್ಲಿನ ದಾರವನ್ನು ಬರಿ ಬೆರಳಿನಿಂದ ಎಳೆಯುವುದಿಲ್ಲ. ಅಂಗೈಯೊಳಗೆ ಹಿಡಿಸುವಷ್ಟು ದೊಡ್ಡ ಒಂದು ಲೋಹದ ಸಾಧನವಿರುತ್ತದೆ, ಅದಕ್ಕೆ ರಿಲೀಸ್ ಅನ್ನುತ್ತಾರೆ. ಮೂರು ಬೆರಳು ತೂರಿಸಲು ಒಂದು ಬಾಗು, ತುದಿಯಲ್ಲಿ ದಾರದ ಕುಣಿಕೆಯನ್ನು ಕಚ್ಚುವ ಕೊಕ್ಕೆ, ಪಕ್ಕದಲ್ಲಿ ಹೆಬ್ಬೆರಳಿಗೊಂದು ಗುಂಡಿ. ದಾರ ಎಳೆದು, ಕೈಯನ್ನು ದವಡೆಗೆ ತಂದು ಕೂರಿಸಿ, ಗುರಿ ಹಿಡಿದು, ಬೆನ್ನಿನ ಬಲದಿಂದ ಇನ್ನಷ್ಟು ಎಳೆಯುತ್ತ ಹೋದರೆ ಹೆಬ್ಬೆರಳು ತಾನಾಗಿ ಗುಂಡಿಯ ಮೇಲೆ ಒರಗಿ ಬಾಣ ಹೊರಡುತ್ತದೆ. ನೋಡಲು ಬಂದವರ ಕಣ್ಣೆಲ್ಲ ಬಿಲ್ಲು ಹಿಡಿದ ಕೈಯ ಮೇಲೆ. ಆದರೆ ಮುಖದ ಪಕ್ಕದಲ್ಲಿರುವ ಈ ಇನ್ನೊಂದು ಕೈ ಪ್ರತಿಸಲ ಒಂದೇ ಜಾಗದಲ್ಲಿ, ಒಂದೇ ಓರೆಯಲ್ಲಿ ಕೂರಬೇಕು. ಕೂದಲೆಳೆಯಷ್ಟು ತಿರುಚಿಕೊಂಡರೂ ಐವತ್ತು ಮೀಟರಿನಾಚೆ ಬಾಣ ಅಂಗೈಯಗಲ ಪಕ್ಕಕ್ಕೆ ಬಿದ್ದಿರುತ್ತದೆ.

ಹದಿನಾರು ವರ್ಷದವಳಿದ್ದಾಗ ಆ ಕೈ ಅವಳಿಗೆ ಯಾರೂ ಹೇಳಿಕೊಡದೆ ಬಂದಿತ್ತು. ಮೊದಲ ಸಲ ರಿಲೀಸ್ ಹಿಡಿದಾಗಲೇ ಅದನ್ನು ಬೆರಳುಗಳ ಬುಡಕ್ಕೆ ಆಳವಾಗಿ ಸಿಕ್ಕಿಸಿಕೊಂಡು, ಹಿಂಗೈಯನ್ನು ಸಡಿಲ ಬಿಟ್ಟಳು, ತುಂಬಿದ ಕೊಡವನ್ನು ಬೆರಳಲ್ಲಿ ತೂಗಹಾಕಿಕೊಂಡವರ ಹಾಗೆ. ಕೈ ಸ್ವಲ್ಪ ಓರೆಯಾಗಿ ನಿಂತು, ತೋರುಬೆರಳು ಮತ್ತು ನಡುಬೆರಳ ಗೆಣ್ಣುಗಳ ನಡುವಿನ ತಗ್ಗಿಗೆ ದವಡೆಯ ಮೂಳೆ ಬಂದು ಕೂತುಬಿಡುತ್ತಿತ್ತು. ಹೆಬ್ಬೆರಳು ಗುಂಡಿಯ ಹಿಂದೆ ಸುಮ್ಮನೆ ಕಾಯುತ್ತಿತ್ತು. ಬಾಣಗಳು ಒಂದರ ಪಕ್ಕ ಒಂದು ಹೋಗಿ ನಿಲ್ಲುತ್ತಿದ್ದವು.

ಮೇಷ್ಟ್ರಿಗೆ ಇದು ಕಣ್ಣಿಗೆ ಬಿದ್ದ ಕಸವಾಯಿತು. ಅವರು ಕಲಿತದ್ದು ಬೇರೆ. ಅಂಗೈ ನೆಲ ನೋಡಬೇಕು, ಮಣಿಕಟ್ಟು ಕಬ್ಬಿಣದ ಸರಳಿನ ಹಾಗಿರಬೇಕು, ಮುಷ್ಟಿ ಬಿಗಿಯಬೇಕು, ಹೆಬ್ಬೆರಳು ಸುತ್ತಿ ಹಿಡಿಯಬೇಕು. “ಸತ್ತ ಕೋಳಿ ಹಿಡ್ಕೊಂಡಂಗೆ ಹಿಡ್ಕೊಂಡಿದೀಯಲ್ಲ, ಇದು ಕೈಯಾ?” ಎಂದು ಎಲ್ಲರೆದುರು ಕೇಳುತ್ತಿದ್ದರು. ಅವಳು ಹತ್ತಕ್ಕೆ ಹತ್ತು ಹೊಡೆದ ದಿನವೂ ಕೇಳುತ್ತಿದ್ದರು. ಹೇಳಿ ಹೇಳಿ ಸಾಕಾಗಿ, ಶಾಲೆಯ ಮರದ ಅಡಿಪಟ್ಟಿಯೊಂದನ್ನು ಅರ್ಧಕ್ಕೆ ಕೊಯ್ದು ತಂದರು. ಬೆಳಿಗ್ಗೆ ಮೈದಾನಕ್ಕೆ ಹೊರಡುವ ಮುಂಚೆ ಆ ಪಟ್ಟಿಯನ್ನು ಮಣಿಕಟ್ಟಿನ ಮೇಲಿಟ್ಟು ಟೇಪು ಸುತ್ತಬೇಕು. ಸಂಜೆವರೆಗೂ ಬಿಚ್ಚುವ ಹಾಗಿಲ್ಲ. ಒಂದು ಕೈಯಲ್ಲಿ ತಾನೇ ಟೇಪು ಸುತ್ತಿಕೊಳ್ಳಲು ಆಗುವುದಿಲ್ಲವಲ್ಲ, ಅಡುಗೆಮನೆಯ ಕಿಟಕಿಯ ಪಕ್ಕ ನಿಂತು ಅಮ್ಮ ಸುತ್ತುತ್ತಿದ್ದರು. ಎರಡು ವರ್ಷ ಹೀಗೇ ನಡೆಯಿತು. ಬಾಣಗಳು ಮೊದಲು ಎಡಕ್ಕೆ ಸರಿದವು, ಆಮೇಲೆ ಚೆಲ್ಲಾಪಿಲ್ಲಿಯಾದವು. ಮೇಷ್ಟ್ರು ಪಟ್ಟಿಯನ್ನು ಇನ್ನೂ ಬಿಗಿಯಾಗಿ ಕಟ್ಟಿಸಿದರು.

ತಂಡಕ್ಕೆ ಆಯ್ಕೆ ನಡೆಯುವ ದಿನ, ಕೊನೆಯ ಸುತ್ತಿನಲ್ಲಿ ಅವಳು ದಾರ ಎಳೆಯುತ್ತಿದ್ದ ಹಾಗೇ ಬಿಗಿದ ಹೆಬ್ಬೆರಳು ಗುಂಡಿಗೆ ತಗುಲಿತು. ದಾರ ಕೈಬಿಟ್ಟಿತು. ಎಳೆಯುತ್ತಿದ್ದ ಅಷ್ಟೂ ಬಲದೊಂದಿಗೆ ಅವಳ ಮುಷ್ಟಿಯೇ ಅವಳ ಬಾಯಿಗೆ ಬಡಿಯಿತು. ಮುಂದಿನ ಹಲ್ಲೊಂದು ಮುರಿದು ಹುಲ್ಲಿನ ಮೇಲೆ ಬಿತ್ತು. ಬಾಣ ಎಲ್ಲಿಗೆ ಹೋಯಿತೋ ಯಾರಿಗೂ ಸಿಗಲಿಲ್ಲ. ಮೇಷ್ಟ್ರು ಓಡಿ ಬಂದರು, ಕರವಸ್ತ್ರ ಕೊಟ್ಟರು, ಸುತ್ತ ನಿಂತವರ ಕಡೆ ತಿರುಗಿ, “ಹೇಳಿದ ಮಾತು ಕೇಳದೆ ಇದ್ರೆ ಹಿಂಗೇ ಆಗೋದು,” ಅಂದರು. ಆಗ ಅವಳಿಗೆ ಹತ್ತೊಂಬತ್ತು. ಮಾರನೇ ದಿನದಿಂದ ಬಿಲ್ಲು ಮುಟ್ಟಲಿಲ್ಲ. ಹಲ್ಲು ಕಟ್ಟಿಸಿಕೊಂಡಳು, ಕನ್ನಡಕದಂಗಡಿಗೆ ಸೇರಿಕೊಂಡಳು. ಗಾಜನ್ನು ಹಗುರವಾಗಿ ಹಿಡಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅಂಗಡಿಯವರೇ ಗಾಜಕ್ಕ ಅಂತ ಹೆಸರಿಟ್ಟರು.

ಭಾನುವಾರ ಹೋಗಬಾರದು ಅಂದುಕೊಂಡೇ ಶನಿವಾರ ಸಂಜೆಯವರೆಗೂ ಇದ್ದಳು. ಆದರೆ ‘ಕೈ ನೋಡಬೇಕಂತೆ’ ಅನ್ನುವ ಮಾತು ಮನಸ್ಸಿನೊಳಗೆ ಹೊಕ್ಕು ಕೂತಿತ್ತು. ಮೇಷ್ಟ್ರಿಗೆ ಅರವತ್ತೇಳಾಗಿದೆ. ಈ ವಯಸ್ಸಿನಲ್ಲಾದರೂ ಏನೋ ಹೊಳೆದಿರಬೇಕು. ಬಾಯಿ ಬಿಟ್ಟು ಹೇಳಲಿಕ್ಕಿಲ್ಲ, ಆದರೂ ಕೈ ನೋಡಿ ಒಂದು ಸಲ ತಲೆಯಾಡಿಸಿದರೆ ಸಾಕು ಅನ್ನಿಸಿತು. ಹೀಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು. ಬೆಳಿಗ್ಗೆ ಎಂಟಕ್ಕೆ ಬಸ್ಸು ಹತ್ತಿದಳು.

ಮೈದಾನ ಅಷ್ಟೇನೂ ಬದಲಾಗಿರಲಿಲ್ಲ. ತಗಡಿನ ಶೆಡ್ಡು, ಅದರೊಳಗೆ ಬಿಲ್ಲು ತೂಗುಹಾಕುವ ಗೂಟಗಳು, ಎದುರಿಗೆ ಐವತ್ತು ಮೀಟರು ಬೋಳು ಹುಲ್ಲು, ಆಚೆ ತುದಿಯಲ್ಲಿ ಒತ್ತಿ ಕಟ್ಟಿದ ಹುಲ್ಲಿನ ಗುರಿಹಲಗೆಗಳು. ಶೆಡ್ಡಿನ ನೆರಳಿನಲ್ಲಿ ಅಮ್ಮ ಫ್ಲಾಸ್ಕು ಇಟ್ಟುಕೊಂಡು ಕೂತಿದ್ದರು. ಪಕ್ಕದ ಕುರ್ಚಿಯಲ್ಲಿ ಬಿಲ್ಲುಗಾರರ ಸಂಘದ ಕಾರ್ಯದರ್ಶಿ, ಹೊಟ್ಟೆ ಬಂದ ಮನುಷ್ಯ, ಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಮೇಷ್ಟ್ರು ಎದ್ದು ಬಂದರು. ಸೊರಗಿದ್ದರು, ಅಂಗಿಯ ಕಾಲರಿನೊಳಗೆ ಕುತ್ತಿಗೆ ಸಡಿಲವಾಗಿ ಕಾಣುತ್ತಿತ್ತು.

“ಬಂದ್ಯಾ,” ಅಂದರು. “ಬಾ, ಇವಳನ್ನ ನೋಡು.”

ಅವರು ತೋರಿಸಿದ್ದು ಇಪ್ಪತ್ತು ವರ್ಷದ ಹುಡುಗಿಯನ್ನು. ಅಗಲ ಭುಜ, ಗಿಡ್ಡ ಕೂದಲು. ಮೊದಲು ಈಜುತ್ತಿದ್ದಳಂತೆ, ಭುಜ ಕೆಟ್ಟ ಮೇಲೆ ಬಿಲ್ಲು ಹಿಡಿದವಳು. ಮೈದಾನದಲ್ಲಿ ಎಲ್ಲರೂ ಅವಳನ್ನು ಮೀನು ಅನ್ನುತ್ತಿದ್ದರು.

“ಅಕ್ಕ, ನಿಮ್ಮ ವಿಡಿಯೊ ನೋಡ್ದೆ,” ಅಂದಳು ಮೀನು, ಉಸಿರು ಬಿಡದೆ. “ಮೇಷ್ಟ್ರ ಮನೇಲಿ. ನಿಮ್ಮ ಸೋದರಮಾವ ತೆಗೆದಿದ್ದಂತಲ್ಲ, ನೀವು ಹೈಸ್ಕೂಲಲ್ಲಿದ್ದಾಗ? ನಿಮ್ಮ ಕೈ ಕೂರೋದು ನೋಡಿ ನಂಗೆ ತಲೆ ಕೆಟ್ಟುಹೋಯ್ತು. ಹತ್ತು ಬಾಣಕ್ಕೆ ಹತ್ತು ಸಲ ಒಂದೇ ಜಾಗ! ನಂದು ಎಲ್ಲಾ ಎಡಕ್ಕೆ ಹೋಗ್ತಿದೆ. ನಾನೇ ಮೇಷ್ಟ್ರ ಜೀವ ತಿಂದೆ, ಅವರನ್ನ ಕರೆಸಿ ಅಂತ.”

ಹಾಗಾದರೆ ನೋಡಿದ್ದು ಈ ಹುಡುಗಿ; ಕೇಳಿದ್ದೂ ಈ ಹುಡುಗಿಯೇ. ಗಾಜಕ್ಕನಿಗೆ ಬಂದ ದಾರಿಯಲ್ಲೇ ವಾಪಸು ಹೋಗಿಬಿಡೋಣ ಅನ್ನಿಸಿತು. ಆದರೆ ಮೀನು ಆಗಲೇ ಬಿಲ್ಲೆತ್ತಿ ನಿಂತಿದ್ದಳು, ಮತ್ತೆ ಆ ಕೈ ನೋಡಿದ ಮೇಲೆ ಅಲ್ಲಿಂದ ಹೋಗಲು ಆಗಲಿಲ್ಲ. ಅಂಗೈ ನೆಲ ನೋಡುತ್ತಿತ್ತು. ಮುಷ್ಟಿ ಬಿಗಿದು ಗೆಣ್ಣುಗಳು ಬೆಳ್ಳಗಾಗಿದ್ದವು. ಹೆಬ್ಬೆರಳು ಗುಂಡಿಯನ್ನು ಸುತ್ತಿ ಹಿಡಿದಿತ್ತು.

“ನಿಲ್ಸು,” ಅಂದಳು ಗಾಜಕ್ಕ. “ಬಿಲ್ಲು ಇಳಿಸು.”

ಶೆಡ್ಡಿನ ಗೂಟದಿಂದ ಒಂದು ತುಂಡು ದಾರ ತೆಗೆದು ಕುಣಿಕೆ ಕಟ್ಟಿದಳು. ಅದನ್ನು ಮೀನುವಿನ ಎಡಗೈ ಹೆಬ್ಬೆರಳಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ರಿಲೀಸಿನಿಂದ ಎಳೆಯಲು ಹೇಳಿದಳು. ಬಿಲ್ಲಿಲ್ಲ, ಬಾಣವಿಲ್ಲ, ಬರಿ ದಾರ.

“ಬೆರಳ ತುದೀಲಿ ಹಿಡೀಬೇಡ. ಬುಡಕ್ಕೆ ತಗೋ. ಇನ್ನೂ ಒಳಗೆ. ಹಾಂ. ಈಗ ಭಾರ ಎಲ್ಲಾ ತೋರುಬೆರಳು, ನಡುಬೆರಳ ಮೇಲೆ. ಮೂರನೇದು ಸುಮ್ಮನೆ ಜೊತೆಗಿರಲಿ. ಹಿಂಗೈ ಮುಟ್ಟು ನೋಡೋಣ, ಮೆತ್ತಗಿದ್ಯಾ?”

“ಇಲ್ಲ, ಬಿಗಿ ಇದೆ.”

“ಬಿಡು. ಬಾಗಿಲ ಹಿಂದೆ ಚೀಲ ತೂಗಹಾಕ್ತೀವಲ್ಲ, ಕೊಕ್ಕೆ ಏನು ಮಾಡುತ್ತೆ? ಏನೂ ಮಾಡಲ್ಲ. ಚೀಲ ತಾನೇ ಜೋತುಬಿದ್ದಿರುತ್ತೆ. ನಿನ್ನ ಬೆರಳು ಕೊಕ್ಕೆ. ಎಳೆಯೋದು ಬೆನ್ನಿನ ಕೆಲಸ. ಈಗ ಕಣ್ಣು ಮುಚ್ಚಿ ದವಡೆಗೆ ತಾ.”

ಮೀನು ಕಣ್ಣು ಮುಚ್ಚಿ ತಂದಳು. ಮೊದಲು ಕೈ ಗಲ್ಲದ ಕೆಳಗೆ ಹೋಯಿತು, ಆಮೇಲೆ ಕಿವಿಯ ಹತ್ತಿರ. ಗಾಜಕ್ಕ ಅವಳ ಮೊಣಕೈ ಹಿಡಿದು ಸ್ವಲ್ಪ ಎತ್ತಿದಳು. ಅಂಗೈ ತಾನಾಗಿ ಓರೆಯಾಯಿತು, ದವಡೆಯ ಮೂಳೆ ಎರಡು ಗೆಣ್ಣುಗಳ ನಡುವೆ ಬಂದು ನಿಂತಿತು.

“ಅಯ್ಯೋ,” ಅಂದಳು ಮೀನು. “ಕೂತ್ಕೊಳ್ತು!”

ಹೀಗೆ ನಲವತ್ತು ಸಲ ಬರಿ ದಾರದಲ್ಲಿ ಮಾಡಿಸಿದಳು. ಆಮೇಲೆ ಮೂರು ಹೆಜ್ಜೆ ದೂರದ ಹಲಗೆಗೆ, ಕಣ್ಣು ಮುಚ್ಚಿಸಿ, ಗುರಿಯ ಕಾಗದವೇ ಇಲ್ಲದೆ. ಬಿಸಿಲು ನೆತ್ತಿಗೇರಿತು. ಅಮ್ಮ ಎರಡು ಸಲ ನೀರು ತಂದುಕೊಟ್ಟರು. ಮೇಷ್ಟ್ರು ಕೈಕಟ್ಟಿ ನಿಂತು ನೋಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಗಾಜಕ್ಕ ಮೀನುವನ್ನು ಐವತ್ತು ಮೀಟರಿಗೆ ನಿಲ್ಲಿಸಿದಳು. ಹುಡುಗಿ ಆರು ಬಾಣ ಬಿಟ್ಟಳು. ಒಂದು ಮಾತ್ರ ಎಂಟು ಅಂಕದ ವೃತ್ತಕ್ಕೆ ಹೋಯಿತು, ಉಳಿದ ಐದು ನಟ್ಟನಡುವಿನ ಹಳದಿಯಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದವು. ಮೀನು ಬಿಲ್ಲನ್ನು ಅಲ್ಲೇ ನೆಲಕ್ಕಿಟ್ಟು ಓಡಿಬಂದು ಗಾಜಕ್ಕನನ್ನು ತಬ್ಬಿಕೊಂಡಳು. ಕಾರ್ಯದರ್ಶಿಗಳು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದರು.

ಹದಿನೈದು ವರ್ಷದಲ್ಲಿ ಗಾಜಕ್ಕನಿಗೆ ಅಷ್ಟು ಖುಷಿಯಾದ ದಿನ ಇನ್ನೊಂದಿರಲಿಲ್ಲ. ಹಾಗಾಗಿಯೇ ಮೀನು, “ಅಕ್ಕ, ನೀವೊಂದು ಹೊಡೀರಿ, ಒಂದೇ ಒಂದು!” ಎಂದು ತನ್ನ ಬಿಲ್ಲನ್ನೇ ಮುಂದೆ ಹಿಡಿದಾಗ ಬೇಡ ಅನ್ನಲಿಲ್ಲ. ಬಿಲ್ಲು ಸ್ವಲ್ಪ ಗಟ್ಟಿಯಿತ್ತು, ಆದರೆ ಎಳೆಯಲು ಬಾರದಷ್ಟೇನಲ್ಲ. ರಿಲೀಸನ್ನು ಬೆರಳ ಬುಡಕ್ಕೆ ಸಿಕ್ಕಿಸಿಕೊಂಡಳು. ಎಳೆದಳು.

ಕೈ ಮುಖದ ಹತ್ತಿರ ಬರುತ್ತಿದ್ದ ಹಾಗೆ ಏನೋ ಆಯಿತು. ಅಂಗೈ ತಿರುಗಿ ನೆಲ ನೋಡಿತು. ಮಣಿಕಟ್ಟು ಸೆಟೆಯಿತು. ಬೆರಳುಗಳು ಮುಷ್ಟಿಯಾದವು. ತುಟಿ ತನ್ನಷ್ಟಕ್ಕೆ ಹಲ್ಲಿನ ಮೇಲೆ ಬಿಗಿದುಕೊಂಡಿತು. ಅವಳು ದಾರವನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟು ಬಿಲ್ಲು ಇಳಿಸಿದಳು. ಉಸಿರು ತಗೊಂಡು ಎರಡನೇ ಸಲ ಎಳೆದಳು. ಅದೇ. ಕೊಕ್ಕೆ, ಚೀಲ, ಬೆನ್ನು, ಈಗಷ್ಟೇ ಇನ್ನೊಬ್ಬಳಿಗೆ ಹೇಳಿದ್ದನ್ನೆಲ್ಲ ತನಗೆ ತಾನೇ ಹೇಳಿಕೊಂಡು ಮೂರನೇ ಸಲ ಎಳೆದಳು. ಕೈ ಮಾತು ಕೇಳಲಿಲ್ಲ. ಎಲ್ಲಿಗೆ ಹೋಗಬೇಕೆಂದು ಅವಳಿಗೆ ಗೊತ್ತಿತ್ತು, ಅಲ್ಲಿಗೆ ಹೋಗುವುದು ಕೈಗೆ ಗೊತ್ತಿರಲಿಲ್ಲ.

ಹಿಂದಿನಿಂದ ಮೇಷ್ಟ್ರ ದನಿ ಬಂತು.

“ಮಣಿಕಟ್ಟು ಯಾಕೆ ಅಷ್ಟು ಬಿಗಿ ಮಾಡ್ತೀಯ? ಯಾರು ಹೇಳಿಕೊಟ್ರು ಹಾಗೆ?”

ಗಾಜಕ್ಕ ತಿರುಗಿದಳು. ಅವರು ಹಂಗಿಸುತ್ತಿರಲಿಲ್ಲ. ಮುಖದಲ್ಲಿ ನಿಜವಾದ ಕುತೂಹಲವಿತ್ತು.

“ನೀವು,” ಅಂದಳು.

“ನಾನಾ?” ಅವರು ನಕ್ಕರು. “ನಾನ್ಯಾಕೆ ಹಾಗೆ ಹೇಳಿಕೊಡ್ಲಿ? ವಿಡಿಯೊ ನೋಡಿಲ್ವಾ, ಹದಿನಾರಕ್ಕೇ ಎಷ್ಟು ಚೆನ್ನಾಗಿ ಕೂರ್ತಿತ್ತು ನಿನ್ನ ಕೈ. ನಾನು ಕೂರಿಸಿದ ಕೈ ಅದು.” ಕಾರ್ಯದರ್ಶಿಗಳ ಕಡೆ ತಿರುಗಿದರು. “ಎಲ್ಲಾ ಹೇಳಿಕೊಟ್ಟಿದ್ದೆ ಸಾರ್. ಇವಳು ಹಟಮಾರಿ. ನಡುವೆ ಏನೇನೋ ತಾನೇ ಬದಲಾಯಿಸಿಕೊಂಡ್ಲು, ಕೆಡಿಸಿಕೊಂಡ್ಲು.”

“ಪಟ್ಟಿ ಕಟ್ಟಿಸ್ತಿದ್ರಲ್ಲ,” ಅಂದಳು ಗಾಜಕ್ಕ.

“ಯಾವ ಪಟ್ಟಿ?”

“ಅಡಿಪಟ್ಟಿ. ಅರ್ಧಕ್ಕೆ ಕೊಯ್ದಿದ್ದು. ಮಣಿಕಟ್ಟಿಗೆ. ಎರಡು ವರ್ಷ.”

ಮೇಷ್ಟ್ರು ಹುಬ್ಬು ಗಂಟಿಕ್ಕಿ ಯೋಚಿಸಿದರು. ಅವರು ಸುಳ್ಳು ಹೇಳುತ್ತಿದ್ದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಸುಳ್ಳು ಹೇಳುವವರ ಕಣ್ಣು ಹೇಗಿರುತ್ತದೆಂದು ಅವಳಿಗೆ ಗೊತ್ತು. ಈ ಕಣ್ಣು ಹಾಗಿರಲಿಲ್ಲ. ಹುಡುಕಿ ಹುಡುಕಿ, ಏನೂ ಸಿಗದೆ, ಅವರು ತಲೆಯಾಡಿಸಿದರು.

“ನಂಗೆ ಅಂಥದ್ದೇನೂ ನೆನಪಿಲ್ಲಪ್ಪ. ಬೇರೆ ಯಾರದ್ದೋ ನೋಡಿರ್ಬೇಕು ನೀನು.”

“ಅಮ್ಮ,” ಅಂದಳು ಗಾಜಕ್ಕ. ದನಿ ಏರಿತ್ತು. “ಹೇಳಮ್ಮ. ನೀನೇ ಅಲ್ವಾ ಟೇಪು ಸುತ್ತುತ್ತಿದ್ದಿದ್ದು?”

ಎಲ್ಲರೂ ಅಮ್ಮನ ಕಡೆ ನೋಡಿದರು. ಅಮ್ಮ ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸುತ್ತಿದ್ದರು. ಮುಚ್ಚಳ ಆಗಲೇ ಪೂರ್ತಿ ಮುಚ್ಚಿಕೊಂಡಿತ್ತು, ಆದರೂ ತಿರುಗಿಸುತ್ತಿದ್ದರು.

“ಎಷ್ಟು ವರ್ಷ ಆಯ್ತು,” ಅಂದರು, ನೆಲ ನೋಡುತ್ತ. “ನಂಗೂ ಸರಿಯಾಗಿ ನೆನಪಿಲ್ಲಮ್ಮ.”

ಕಾರ್ಯದರ್ಶಿಗಳು ಗಡಿಯಾರ ನೋಡಿಕೊಂಡು, ಬಿಸಿಲು ಜಾಸ್ತಿಯಾಯಿತು ಅಂದರು. ಮೀನು ಒಬ್ಬರ ಮುಖದಿಂದ ಇನ್ನೊಬ್ಬರ ಮುಖ ನೋಡುತ್ತ ತನ್ನ ಬಿಲ್ಲನ್ನು ಮೆತ್ತಗೆ ವಾಪಸು ತಗೊಂಡಳು. ಗಾಜಕ್ಕ ರಿಲೀಸನ್ನು ಕುರ್ಚಿಯ ಮೇಲಿಟ್ಟು, ಚೀಲ ಹೆಗಲಿಗೇರಿಸಿ, ಗೇಟಿನ ಕಡೆ ನಡೆದಳು. ಯಾರೂ ಕರೆಯಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು. ಇಷ್ಟು ದಿನ ಅದೊಂದು ಅವಳಿಗೆ ಗಟ್ಟಿಯಾಗಿ ಗೊತ್ತಿತ್ತು: ತನಗೊಂದು ಒಳ್ಳೆಯ ಕೈ ಇತ್ತು, ಅದನ್ನು ಇವರು ಹಾಳುಮಾಡಿದರು ಅನ್ನುವುದು. ಈಗ ಆ ಕೈಯೂ ಇಲ್ಲ, ಹಾಳಾದದ್ದಕ್ಕೆ ಸಾಕ್ಷಿಯೂ ಇಲ್ಲ.

ಹತ್ತು ದಿನ ಬಿಟ್ಟು ಮೀನು ಅಂಗಡಿ ಹುಡುಕಿಕೊಂಡು ಬಂದಳು. ಗಿರಾಕಿಗಳು ಕೂರುವ ಬೆಂಚಿನ ಮೇಲೆ ಇಬ್ಬರೂ ಕೂತರು.

“ಅಕ್ಕ, ನಾನು ನಂಬ್ತೀನಿ,” ಅಂದಳು ಮೀನು. “ನಂಗೂ ಮೊದಲು ಹಾಗೇ ಹೇಳಿಕೊಟ್ಟಿದ್ರಲ್ಲ, ಬಿಗಿ ಹಿಡಿ ಬಿಗಿ ಹಿಡಿ ಅಂತ. ಈಗ ಕೇಳಿದ್ರೆ ಹಾಗೆ ಹೇಳೇ ಇಲ್ಲ ಅಂತಾರೆ. ಮುಂದಿನ ತಿಂಗಳು ಪಂದ್ಯ ಇದೆ. ಗೆದ್ರೆ ನಿಮ್ಮ ಹೆಸರು ಹೇಳ್ತೀನಿ. ಕಲಿಸಿದ್ದು ನೀವು ಅಂತ ಎಲ್ಲರ ಮುಂದೆ ಹೇಳ್ತೀನಿ.”

ಗಾಜಕ್ಕ ಅವಳ ಕೈ ತೆಗೆದುಕೊಂಡು ನೋಡಿದಳು. ತೋರುಬೆರಳ ಬುಡದಲ್ಲಿ ಹೊಸದಾಗಿ ಚರ್ಮ ದಡ್ಡುಗಟ್ಟುತ್ತಿತ್ತು. ಸರಿಯಾದ ಜಾಗದಲ್ಲೇ.

“ಬೇಡ,” ಅಂದಳು. “ತಂಡಕ್ಕೆ ಹೆಸರು ಕಳಿಸೋರು ಮೇಷ್ಟ್ರೇ. ಅವರಿಗೆ ಬೇಜಾರಾದ್ರೆ ನಿಂಗೇ ಕಷ್ಟ. ಅವರ ಹೆಸರೇ ಹೇಳು.”

ಇಲ್ಲ ಅಕ್ಕ, ಅದು ಹೇಗಾಗುತ್ತೆ, ಎಂದು ಹುಡುಗಿ ಒಂದು ಸಲವಾದರೂ ಹಟ ಮಾಡಬಹುದು ಅಂದುಕೊಂಡಿದ್ದಳು. ಮೀನುವಿನ ಭುಜ ಇಳಿಯಿತು, ಮುಖ ಸಡಿಲವಾಯಿತು.

“ಸರಿ ಅಕ್ಕ,” ಅಂದಳು. “ನೀವು ಹೇಳಿದಂಗೇ ಆಗ್ಲಿ.”

ಪಂದ್ಯದಲ್ಲಿ ಮೀನು ಎರಡನೆಯವಳಾಗಿ ಬಂದಳು. ಪತ್ರಿಕೆಯಲ್ಲಿ ಫೋಟೊ ಬಂತು: ಮೇಷ್ಟ್ರು ಅವಳ ಬಲಗೈ ಹಿಡಿದು ದವಡೆಯ ಹತ್ತಿರ ತೋರಿಸುತ್ತಿರುವುದು. ನಲವತ್ತು ವರ್ಷಗಳ ಅನುಭವದಿಂದ ರೂಪಿಸಿದ ವಿಧಾನ ಎಂದು ಕೆಳಗೆ ಬರೆದಿತ್ತು. ಅಂಗಡಿಯ ಮಾಲೀಕರೇ ಅದನ್ನು ಗಾಜಕ್ಕನಿಗೆ ತೋರಿಸಿದ್ದು. “ನಿಮ್ಮಪ್ಪ ಅಲ್ವೇನಮ್ಮ? ಎಂಥಾ ಮನುಷ್ಯ!” ಅಂದರು. ಹೌದು ಸಾರ್, ಅಂದಳು.

ಆ ಸಂಜೆ ಅಮ್ಮನ ಫೋನು ಬಂತು. ಮೇಷ್ಟ್ರು ಬಹಳ ಖುಷಿಯಲ್ಲಿದ್ದಾರೆ, ಮನೆಗೆ ಬಂದವರಿಗೆಲ್ಲ ಮಗಳೂ ಒಳ್ಳೆ ಬಿಲ್ಲುಗಾರ್ತಿ ಅಂತ ಹೇಳುತ್ತಿದ್ದಾರೆ, ಈ ಭಾನುವಾರ ಊಟಕ್ಕೆ ಬಾ ಅಂದರು. ಗಾಜಕ್ಕ ಎಲ್ಲವನ್ನೂ ಕೇಳಿಸಿಕೊಂಡಳು.

“ಟೇಪು ಸುತ್ತುತ್ತಿದ್ದಿದ್ದು ನೀನು, ಅಮ್ಮ,” ಅಂದಳು.

ಆ ಕಡೆ ಯಾವುದೋ ಬಾಗಿಲು ಮುಚ್ಚಿದ್ದು ಕೇಳಿಸಿತು. ಅಮ್ಮ ಫೋನು ಹಿಡಿದುಕೊಂಡು ಬೇರೆ ಕೋಣೆಗೆ ಹೋಗಿದ್ದರು. ಮತ್ತೆ ಮಾತಾಡಿದಾಗ ದನಿ ಪಿಸುಗುಟ್ಟುತ್ತಿತ್ತು.

“ನಾನು ಬಿಗಿಯಾಗಿ ಕಟ್ತಿರ್ಲಿಲ್ಲ ಕಣೆ. ಅವರು ನೋಡದೇ ಇದ್ದಾಗ ಒಂದು ಸುತ್ತು ಕಮ್ಮಿ ಸುತ್ತುತ್ತಿದ್ದೆ.”

ಗಾಜಕ್ಕ ಫೋನನ್ನು ಎಡಗೈಗೆ ಬದಲಿಸಿಕೊಂಡಳು.

“ಅವರೆದುರು ಏನಂತ ಹೇಳ್ಲಿ ಹೇಳು. ಈ ವಯಸ್ಸಲ್ಲಿ,” ಅಂದರು ಅಮ್ಮ. “ಅವರ ಜೊತೆ ಇರಬೇಕಾದವಳು ನಾನಲ್ವಾ.”

“ಹೌದು,” ಅಂದಳು ಗಾಜಕ್ಕ. ಭಾನುವಾರ ಬರಲಾಗುವುದಿಲ್ಲ, ಅಂಗಡಿಯಲ್ಲಿ ಕೆಲಸವಿದೆ ಅಂದಳು. ಭಾನುವಾರ ಅಂಗಡಿ ಮುಚ್ಚಿರುತ್ತದೆಂದು ಅಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಸರಿ ಹಾಗಾದ್ರೆ, ಅಂದರು.